ಹಳೆ ಟ್ರ್ಯಾಕ್ಟರ್‌ನ ಪವರ್ ಸ್ಟೇರಿಂಗ್ ಗಟ್ಟಿಯಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪವರ್ ಸ್ಟೇರಿಂಗ್ ಇದ್ದೂ ತಿರುಗಿಸುವಾಗ ತೋಳು ನೋಯುತ್ತಿದೆ ಎಂದರೆ ಹೆಚ್ಚಾಗಿ ಎರಡರಲ್ಲಿ ಒಂದು ಆಗಿರುತ್ತದೆ. ಎಣ್ಣೆಯ ಒತ್ತಡ ಎಲ್ಲೋ ಕಳೆದುಹೋಗುತ್ತಿದೆ, ಇಲ್ಲವೇ ಮುಂದಿನ ಆಕ್ಸಲ್‌ನಲ್ಲಿ ಏನೋ ಬಿಗಿಯಾಗಿದೆ. ಇದರಲ್ಲಿ ಯಾವುದು ಅಂತ ಗೊತ್ತಾಗುವ ಮೊದಲೇ ಬಹಳ ಜನ ಹೊಸ ಪಂಪ್ ತಂದು ಹಾಕಿಬಿಡುತ್ತಾರೆ. ದುಡ್ಡು ಹೋಗುತ್ತದೆ, ಸ್ಟೇರಿಂಗ್ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಇಲ್ಲಿನ ಉತ್ತರಗಳು ಖರ್ಚಿಲ್ಲದ ಪರೀಕ್ಷೆಗಳಿಂದ ಶುರುವಾಗುತ್ತವೆ. ಪಂಪ್ ಬಿಚ್ಚುವ ಮಾತು ಕೊನೆಗೆ ಬರಲಿ.

ನನ್ನ ಟ್ರ್ಯಾಕ್ಟರ್‌ನಲ್ಲಿರುವುದು ಯಾವ ಬಗೆಯ ಪವರ್ ಸ್ಟೇರಿಂಗ್ ಅಂತ ಹೇಗೆ ತಿಳಿಯುವುದು?

ಹಳೆ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಮೊದಲನೆಯದರಲ್ಲಿ ಮಾಮೂಲಿ ಸ್ಟೇರಿಂಗ್ ಬಾಕ್ಸ್, ಡ್ರ್ಯಾಗ್ ಲಿಂಕ್ (ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ರಾಡ್) ಎಲ್ಲ ಇದ್ದೇ ಇರುತ್ತವೆ. ಜೊತೆಗೆ ಒಂದು ಸಿಲಿಂಡರ್ ಕೂರಿಸಿರುತ್ತಾರೆ, ಅದು ನೀವು ತಿರುಗಿಸಿದ ಕಡೆಗೆ ತಳ್ಳಿಕೊಡುತ್ತದೆ. ಎಂಜಿನ್ ನಿಲ್ಲಿಸಿದರೂ ಇದನ್ನು ಕಷ್ಟಪಟ್ಟು ತಿರುಗಿಸಬಹುದು, ಏಕೆಂದರೆ ಕೈಯಿಂದ ಚಕ್ರದವರೆಗೆ ಕಬ್ಬಿಣದ ಸಂಪರ್ಕ ಇದೆ.

ಎರಡನೆಯದು ಪೂರ್ತಿ ಹೈಡ್ರಾಲಿಕ್. ಸ್ಟೇರಿಂಗ್ ಕಾಲಂನ ಬುಡದಲ್ಲಿ ಒಂದು ಯೂನಿಟ್ ಇರುತ್ತದೆ, ಮೆಕ್ಯಾನಿಕ್‌ಗಳು ಅದನ್ನು ಆರ್ಬಿಟ್ರಾಲ್ ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಹೋಗುವುದು ಬರೀ ಹೋಸ್, ರಾಡ್ ಇಲ್ಲ. ಸಾಮಾನ್ಯವಾಗಿ ನಾಲ್ಕು ಹೋಸ್: ಪಂಪ್‌ನಿಂದ ಬರುವುದೊಂದು, ಟ್ಯಾಂಕ್‌ಗೆ ವಾಪಸ್ ಹೋಗುವುದೊಂದು, ಸಿಲಿಂಡರ್‌ನ ಎರಡು ಬದಿಗೆ ಒಂದೊಂದು. ಇದನ್ನು ಮೊದಲು ನೋಡಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳಲ್ಲಿ ಯಾವ ಹೋಸ್ ಬಿಚ್ಚಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಸ್ಟೇರಿಂಗ್ ಭಾರವಾದಾಗ ಮೊಟ್ಟಮೊದಲು ಏನು ನೋಡಬೇಕು?

ಮುಂದಿನ ಟೈರ್‌ನ ಗಾಳಿ. ಗಾಳಿ ಕಡಿಮೆಯಾದ ಟೈರ್ ನೆಲಕ್ಕೆ ಜಾಸ್ತಿ ಅಗಲವಾಗಿ ಅಂಟಿಕೊಳ್ಳುತ್ತದೆ. ನಿಂತಲ್ಲೇ ತಿರುಗಿಸುವಾಗ ಅದರ ಭಾರ ನೇರವಾಗಿ ಕೈಗೆ ಬರುತ್ತದೆ. ಕಣ್ಣಂದಾಜು ಬೇಡ, ಗೇಜ್ ಇಟ್ಟು ನೋಡಿ.

ಆಮೇಲೆ ಎಣ್ಣೆಯ ಮಟ್ಟ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಚ್ಚಳದ ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸಿ, ಆಮೇಲೆ ತೆರೆಯಿರಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಅದು ನೇರ ಪಂಪ್‌ಗೋ ವಾಲ್ವ್‌ಗೋ ಹೋಗುತ್ತದೆ.

ಪಂಪ್ ಬೆಲ್ಟ್‌ನಿಂದ ತಿರುಗುವಂಥದ್ದಾದರೆ ಬೆಲ್ಟ್ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಿರ್ ಎಂದು ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಎಣ್ಣೆ ತಗುಲಿ ಹೊಳೆಯುವ ಬೆಲ್ಟ್ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಅದನ್ನು ಬದಲಿಸಬೇಕು.

ದೋಷ ಹೈಡ್ರಾಲಿಕ್‌ನಲ್ಲಿದೆಯೋ ಆಕ್ಸಲ್‌ನಲ್ಲಿದೆಯೋ ಅಂತ ಪಕ್ಕಾ ಹೇಳುವುದು ಹೇಗೆ?

ಇಡೀ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳ ಪರೀಕ್ಷೆ ಇದೇ. ಬೇಕಾಗುವುದು ಒಂದು ಜಾಕ್, ಗಟ್ಟಿ ಸ್ಟ್ಯಾಂಡ್ ಮತ್ತು ಒಂದೆರಡು ಸ್ಪ್ಯಾನರ್.

ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಆಕ್ಸಲ್ ನಡುವಿನ ಪಿನ್ ಮೇಲೆ ವಾಲುವಂಥದ್ದು, ಆದ್ದರಿಂದ ಗಾಡಿಯ ದೇಹಕ್ಕೂ ಆಧಾರ ಕೊಟ್ಟರೆ ಒಳ್ಳೆಯದು. ಈಗ ಎಂಜಿನ್ ಆಫ್ ಇರುವಾಗಲೇ ಸಿಲಿಂಡರ್‌ನ ರಾಡ್ ತುದಿಯನ್ನು ಬಿಚ್ಚಿ. ಡ್ರ್ಯಾಗ್ ಲಿಂಕ್ ಇದ್ದರೆ ಅದನ್ನೂ ಬಿಡಿಸಿ. ಆಮೇಲೆ ಟೈರ್ ಹಿಡಿದು ಎಡಕ್ಕೂ ಬಲಕ್ಕೂ ಕೈಯಲ್ಲೇ ತಳ್ಳಿ ನೋಡಿ.

ಆಕ್ಸಲ್ ಆರೋಗ್ಯವಾಗಿದ್ದರೆ ಚಕ್ರ ಒಂದೇ ಹದದಲ್ಲಿ, ತಡೆಯಿಲ್ಲದೆ ತಿರುಗುತ್ತದೆ. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡು ಆಮೇಲೆ ಸಡಿಲವಾದರೆ ಕಿಂಗ್ ಪಿನ್ (ಚಕ್ರ ಎಡಕ್ಕೂ ಬಲಕ್ಕೂ ತಿರುಗಲು ಆಧಾರವಾದ ಗೂಟ) ಅಥವಾ ಅದರ ಬುಷ್ ತುಕ್ಕು ಹಿಡಿದಿದೆ. ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ಕೂಡ ಬಿಡಿಸಿ ಒಂದೊಂದೇ ಚಕ್ರವನ್ನು ಬೇರೆಯಾಗಿ ತಿರುಗಿಸಿದರೆ ಯಾವ ಬದಿ ಅನ್ನುವುದೂ ಗೊತ್ತಾಗುತ್ತದೆ.

ಗ್ರೀಸ್ ಹೊಡೆದಿದ್ದೇವಲ್ಲ ಅಂತ ಹೇಳುವವರು ಇದ್ದಾರೆ. ನಿಪ್ಪಲ್ (ಗ್ರೀಸ್ ಗನ್ ಕಚ್ಚಿಸುವ ಮೂತಿ) ಹತ್ತಿರ ಕೂತು ನೋಡಿ. ಗನ್ ಒತ್ತಿದಾಗ ಕಿಂಗ್ ಪಿನ್‌ನ ಮೇಲಿನಿಂದಲೋ ಕೆಳಗಿನಿಂದಲೋ ಹಳೆ ಕಪ್ಪು ಗ್ರೀಸ್ ಹೊರಗೆ ಬರಬೇಕು. ನಿಪ್ಪಲ್‌ನ ಸುತ್ತಲೇ ಹೊಸ ಗ್ರೀಸ್ ಉಕ್ಕಿದರೆ ಒಳಗಿನ ದಾರಿ ಗಟ್ಟಿಯಾದ ಗ್ರೀಸಿನಿಂದ ಮುಚ್ಚಿಹೋಗಿದೆ. ಚಕ್ರ ಎತ್ತಿಟ್ಟು, ನಿಪ್ಪಲ್ ಬಿಚ್ಚಿ, ತಂತಿಯಿಂದ ರಂಧ್ರ ಬಿಡಿಸಿ, ಸ್ವಲ್ಪ ಡೀಸೆಲ್ ಬಿಟ್ಟು ನೆನೆಸಿ, ಚಕ್ರವನ್ನು ಅತ್ತಿತ್ತ ಆಡಿಸುತ್ತಾ ಗ್ರೀಸ್ ಹೊಡೆಯಿರಿ. ಭಾರ ಹೊತ್ತ ಸ್ಥಿತಿಯಲ್ಲಿ ಹೊಡೆದ ಗ್ರೀಸ್ ಕೆಳಗೆ ಭಾರ ಹೊರುವ ಥ್ರಸ್ಟ್ ಬೇರಿಂಗ್‌ವರೆಗೆ ಸರಿಯಾಗಿ ಹೋಗುವುದಿಲ್ಲ. ಎಷ್ಟೋ ಗಾಡಿಗಳ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಬೆಳಿಗ್ಗೆ ಚೆನ್ನಾಗಿರುತ್ತದೆ, ಕೆಲಸ ಮಾಡುತ್ತಾ ಬಿಸಿಯಾದ ಮೇಲೆ ಗಟ್ಟಿಯಾಗುತ್ತದೆ. ಏನು ಕಾರಣ?

ಒಳಗೆ ಎಲ್ಲೋ ಸವೆತ ಇದೆ. ತಣ್ಣಗಿರುವಾಗ ಎಣ್ಣೆ ದಪ್ಪ, ಸವೆದ ಸಂದಿನಲ್ಲೂ ಸುಲಭವಾಗಿ ನುಸುಳುವುದಿಲ್ಲ. ಬಿಸಿಯಾಗಿ ತೆಳುವಾದಾಗ ಪಂಪ್, ಸ್ಪೂಲ್ (ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಕಳಿಸುವ, ವಾಲ್ವ್ ಒಳಗಿನ ಚಲಿಸುವ ಭಾಗ) ಅಥವಾ ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್ ದಾಟಿ ವಾಪಸ್ ಹೋಗಿಬಿಡುತ್ತದೆ. ಒತ್ತಡ ನಿಲ್ಲುವುದಿಲ್ಲ. ಟ್ಯಾಂಕ್‌ನಿಂದ ಪಂಪ್‌ಗೆ ಎಣ್ಣೆ ತರುವ ಸಕ್ಷನ್ ಹೋಸ್ ಕೂಡ ಹೀಗೆ ಮಾಡಬಹುದು. ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ, ಪಂಪ್‌ಗೆ ಎಣ್ಣೆ ಸಾಲುವುದಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ತಣ್ಣಗಿರುವಾಗ ಮಾತ್ರ ಗಟ್ಟಿ ಇದ್ದು ಆಮೇಲೆ ಸರಿಹೋದರೆ ಎಣ್ಣೆ ಜಾಸ್ತಿ ದಪ್ಪ ಅಥವಾ ಫಿಲ್ಟರ್ ಕಟ್ಟಿದೆ.

ಎಂಜಿನ್ ರೇಸ್ ಮಾಡಿದರೆ ಹಗುರ, ಐಡಲ್‌ನಲ್ಲಿ ಭಾರ. ಪಂಪ್ ಹೋಗಿದೆ ಅಂತ ಅರ್ಥವಾ?

ಹೋಗಿದೆ ಅಂತಲ್ಲ, ಅನುಮಾನ ಪಂಪ್ ಕಡೆಗೆ ಹೋಗುತ್ತದೆ, ಅಷ್ಟೆ. ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ತಳ್ಳುವ ಬಲ ಕೊಡುವುದು ಒತ್ತಡ. ಎಷ್ಟು ಬೇಗ ತಿರುಗುತ್ತದೆ ಅನ್ನುವುದು ಎಣ್ಣೆಯ ಹರಿವಿನ ಮೇಲೆ ನಿಂತಿದೆ. ನಿಧಾನವಾಗಿ ತಿರುಗಿಸಿದರೆ ಹಗುರ, ಬೇಗ ತಿರುಗಿಸಿದರೆ ಗೋಡೆಗೆ ಬಡಿದಂತೆ ಗಟ್ಟಿ ಅಂದರೆ ಹರಿವು ಸಾಲುತ್ತಿಲ್ಲ. ಸವೆದ ಪಂಪ್, ಕಟ್ಟಿದ ಫಿಲ್ಟರ್, ಜಾರುವ ಬೆಲ್ಟ್, ಗಾಳಿ ಎಳೆಯುವ ಸಕ್ಷನ್ ಎಲ್ಲವೂ ಹೀಗೇ ತೋರಿಸುತ್ತವೆ. ಎಷ್ಟೇ ನಿಧಾನ ತಿರುಗಿಸಿದರೂ, ಎಷ್ಟೇ ರೇಸ್ ಕೊಟ್ಟರೂ ಗಟ್ಟಿ ಅಂದರೆ ಒತ್ತಡವೇ ಏರುತ್ತಿಲ್ಲ. ಆಗ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ತೆರೆದು ಎಣ್ಣೆಯನ್ನು ವಾಪಸ್ ಬಿಡುವ ವಾಲ್ವ್), ಸಿಲಿಂಡರ್ ಸೀಲ್ ಕಡೆ ನೋಡಬೇಕು.

ಒಂದೇ ಕಡೆಗೆ ಗಟ್ಟಿ, ಇನ್ನೊಂದು ಕಡೆಗೆ ಸರಾಗ. ಇದು?

ಪಂಪ್ ಎರಡೂ ಕಡೆಗೆ ಒಂದೇ. ಒಂದು ಕಡೆ ಚೆನ್ನಾಗಿ ತಿರುಗಿದರೆ ಪಂಪ್ ಸರಿ ಇದೆ ಅಂತಲೇ ಲೆಕ್ಕ. ಅದನ್ನು ಮುಟ್ಟಬೇಡಿ. ಸ್ಪೂಲ್ ವಾಲ್ವ್ ಒಂದು ಬದಿಗೆ ಪೂರ್ತಿ ಸರಿಯುತ್ತಿಲ್ಲ, ಆ ಬದಿಯ ಹೋಸ್ ಒಳಗೆ ಮುಚ್ಚಿದೆ, ಇಲ್ಲವೇ ಸಿಲಿಂಡರ್ ರಾಡ್ ಬಾಗಿದೆ. ಕೆಲವು ಯೂನಿಟ್‌ಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಶಾಕ್ ವಾಲ್ವ್ (ಚಕ್ರಕ್ಕೆ ಹೊಡೆತ ಬಿದ್ದಾಗ ಏರುವ ಒತ್ತಡವನ್ನು ಹೊರಬಿಡುವ ವಾಲ್ವ್) ಇರುತ್ತವೆ. ಅದರಲ್ಲೊಂದು ಕಸ ಸಿಕ್ಕಿ ತೆರೆದೇ ನಿಂತರೂ ಹೀಗಾಗುತ್ತದೆ. ಒಂದೇ ಬದಿಗೆ ರಾಡ್ ಇರುವ ಸಿಲಿಂಡರ್‌ನಲ್ಲಿ ಎಡ ಬಲಕ್ಕೆ ಸ್ವಲ್ಪ ವ್ಯತ್ಯಾಸ ಹುಟ್ಟಿನಿಂದಲೇ ಇರುತ್ತದೆ, ಅದು ದೋಷವಲ್ಲ.

ಟ್ಯಾಂಕ್‌ನಲ್ಲಿ ನೊರೆ ಬರುತ್ತಿದೆ, ಪಂಪ್ ಗುರುಗುಟ್ಟುತ್ತಿದೆ.

ಗಾಳಿ ಸೇರಿಕೊಂಡಿದೆ. ಗಾಳಿ ಒಳಗೆ ಬರುವುದು ಸಕ್ಷನ್ ಬದಿಯಿಂದ, ಅಂದರೆ ಟ್ಯಾಂಕ್ ಮತ್ತು ಪಂಪ್ ನಡುವಿನ ದಾರಿಯಿಂದ. ಅಲ್ಲಿ ಒತ್ತಡ ಇಲ್ಲ, ಎಳೆತ ಇದೆ. ಹಾಗಾಗಿ ಎಂಜಿನ್ ಓಡುವಾಗ ಎಣ್ಣೆ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು. ಕ್ಲಿಪ್ ಬಿಗಿ ಮಾಡಿ, ಹೋಸ್‌ನ ತುದಿಯಲ್ಲಿ ಬಿರುಕು ಇದೆಯಾ ನೋಡಿ, ಓ-ರಿಂಗ್ ಬದಲಿಸಿ. ಒಂದು ಸುಲಭ ಉಪಾಯ ಇದೆ. ಎಂಜಿನ್ ಐಡಲ್‌ನಲ್ಲಿರುವಾಗ ಸಕ್ಷನ್ ಜಾಯಿಂಟ್ ಮೇಲೆ ಸ್ವಲ್ಪ ಅದೇ ಎಣ್ಣೆ ಸುರಿಯಿರಿ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರ ಇರಲಿ. ಒಂದೆರಡು ಕ್ಷಣ ಶಬ್ದ ಬದಲಾದರೆ ಗಾಳಿ ಅಲ್ಲಿಂದಲೇ ಬರುತ್ತಿದೆ.

ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ, ರಾತ್ರಿ ನಿಲ್ಲಿಸಿದ ಮೇಲೂ ತಿಳಿಯಾಗದಿದ್ದರೆ ಅದು ಗಾಳಿಯಲ್ಲ, ನೀರು. ಗಾಳಿಯ ನೊರೆ ಗಾಡಿ ನಿಂತ ಮೇಲೆ ಇಳಿದುಹೋಗುತ್ತದೆ. ನೀರು ಸೇರಿದ ಎಣ್ಣೆಯನ್ನು ಪೂರ್ತಿ ತೆಗೆದು ಹೊಸದು ತುಂಬಬೇಕು. ಮೇಲೆ ಸ್ವಲ್ಪ ಸೇರಿಸಿ ಸುಧಾರಿಸುತ್ತೇನೆ ಎಂದರೆ ಪಂಪ್ ಕೂಡ ಹಾಳಾಗುತ್ತದೆ.

ಎಣ್ಣೆ ಕಡಿಮೆಯಾಗುತ್ತಲೇ ಇದೆ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಎಲ್ಲಿಗೆ ಹೋಗುತ್ತಿದೆ?

ಎಂಜಿನ್‌ನ ಗೇರ್‌ನಿಂದ ನೇರ ತಿರುಗುವ ಪಂಪ್ ಇದ್ದರೆ ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್ ಎಳೆದು ನೋಡಿ. ಪಂಪ್ ಶಾಫ್ಟ್‌ನ ಆಯಿಲ್ ಸೀಲ್ ಹರಿದರೆ ಸ್ಟೇರಿಂಗ್ ಎಣ್ಣೆ ಸುಮ್ನೆ ಎಂಜಿನ್ ಒಳಗೆ ಇಳಿಯುತ್ತದೆ. ಎಂಜಿನ್ ಆಯಿಲ್ ಮಟ್ಟ ಮೇಲೇರಿದ್ದರೆ ಇದೇ ಕಾರಣ ಇರಬಹುದು. ಡೀಸೆಲ್ ಸೇರಿದರೂ ಮಟ್ಟ ಏರುತ್ತದೆ, ಹಾಗಾಗಿ ವಾಸನೆಯನ್ನೂ ನೋಡಿ. ಇದನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ತೆಳುವಾದ ಎಂಜಿನ್ ಆಯಿಲ್ ಬೇರಿಂಗ್‌ಗಳನ್ನೇ ತಿನ್ನುತ್ತದೆ. ಸೀಲ್ ಬದಲಿಸಿದ ಮೇಲೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ.

ಯಾವ ಎಣ್ಣೆ ಹಾಕಬೇಕು? ಇದ್ದದ್ದನ್ನು ಹಾಕಿದರೆ ಆಗಲ್ವಾ?

ಆಗಲ್ಲ. ಕೆಲವು ಗಾಡಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಣ್ಣೆ), ಕೆಲವಕ್ಕೆ ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್‌ಗೆ ಒಟ್ಟಿಗೆ ಬಳಸುವ ಟ್ರ್ಯಾಕ್ಟರ್ ಎಣ್ಣೆ, ಇನ್ನು ಕೆಲವಕ್ಕೆ 46 ಅಥವಾ 68 ದರ್ಜೆಯ ಹೈಡ್ರಾಲಿಕ್ ಎಣ್ಣೆ. ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಸರಿ. ಒಳಗೆ ಯಾವುದಿದೆ ಅಂತ ಗೊತ್ತಿಲ್ಲದಿದ್ದರೆ ಬೆರೆಸಬೇಡಿ, ಪೂರ್ತಿ ಖಾಲಿ ಮಾಡಿ. ಬ್ರೇಕ್ ಫ್ಲೂಯಿಡ್ ಮಾತ್ರ ಒಂದು ಹನಿಯೂ ಬೇಡ. ಈ ಸೀಲ್‌ಗಳು ಅದರಿಂದ ಊದಿಕೊಂಡು ಮೆತ್ತಗಾಗುತ್ತವೆ.

ಪ್ರೆಶರ್ ಗೇಜ್ ಹಾಕಿ ನೋಡುವುದು ಹೇಗೆ? ಮನೆಯಲ್ಲೇ ಮಾಡಬಹುದಾ?

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು ಮಾಡಬಹುದು. ಮೇಲಿನ ಎಲ್ಲವೂ ಸರಿ ಇದ್ದು ಸ್ಟೇರಿಂಗ್ ಇನ್ನೂ ಗಟ್ಟಿ ಇದ್ದರೆ ಮಾಡಲೇಬೇಕು. ಗೇಜ್ ನೋಡದೆ ಪಂಪ್ ಬದಲಿಸುವುದು ಸರಿಯಲ್ಲ.

ಪಂಪ್‌ನಿಂದ ಹೊರಡುವ ಪ್ರೆಶರ್ ಹೋಸ್‌ಗೆ ಟೀ ಜಾಯಿಂಟ್ ಹಾಕಿ ಗೇಜ್ ಕೂರಿಸಿ. 0 ದಿಂದ 250 ಬಾರ್ ತೋರಿಸುವ ಗೇಜ್ ಸಾಕು. 1 ಬಾರ್ ಅಂದರೆ ಸುಮಾರು 14.5 ಪಿಎಸ್ಐ. ಎಣ್ಣೆ ಕೆಲಸದ ಬಿಸಿಗೆ ಬಂದಿರಲಿ, ತಣ್ಣಗಿರುವಾಗ ನೋಡಿದ ಅಂಕಿ ಮೋಸ ಮಾಡುತ್ತದೆ. ಎಂಜಿನ್ ಐಡಲ್‌ಗಿಂತ ಸ್ವಲ್ಪ ಮೇಲಿಟ್ಟು ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲೇ ಒತ್ತಿ ಹಿಡಿದು ಮುಳ್ಳು ಎಲ್ಲಿಗೆ ಬಂತು ನೋಡಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಬಲಕ್ಕೂ ಹಾಗೇ ಮಾಡಿ.

ಎರಡೂ ಕಡೆ ಪುಸ್ತಕದಲ್ಲಿ ಹೇಳಿದ ಅಂಕಿ ಬಂದರೆ ಹೈಡ್ರಾಲಿಕ್ ಒತ್ತಡ ಸರಿ ಇದೆ, ಆಕ್ಸಲ್ ಕಡೆ ವಾಪಸ್ ಹೋಗಿ. ಒಂದು ಕಡೆ ಸರಿ, ಒಂದು ಕಡೆ ಕಡಿಮೆ ಅಂದರೆ ವಾಲ್ವ್ ಅಥವಾ ಆ ಬದಿಯ ದಾರಿ. ಎರಡೂ ಕಡೆ ಕಡಿಮೆ ಅಂದರೆ ಪಂಪ್, ರಿಲೀಫ್ ವಾಲ್ವ್, ಯೂನಿಟ್, ಸಿಲಿಂಡರ್ ನಾಲ್ಕೂ ಅನುಮಾನದಲ್ಲಿವೆ. ಆಗ ಗೇಜ್ ದಾಟಿದ ಮೇಲೆ, ಸ್ಟೇರಿಂಗ್ ಯೂನಿಟ್‌ನ ಕಡೆಗೆ, ಒಂದು ಬಂದ್ ಮಾಡುವ ವಾಲ್ವ್ ಹಾಕಿ ಪಂಪನ್ನು ಬೇರ್ಪಡಿಸಿ ನೋಡಬೇಕು. ವಾಲ್ವ್ ಕ್ಷಣಕಾಲ ಮುಚ್ಚಿದಾಗ ಒತ್ತಡ ಚೆನ್ನಾಗಿ ಏರಿದರೆ ಪಂಪ್ ನಿರಪರಾಧಿ. ಏರದಿದ್ದರೆ ಪಂಪ್ ಅಥವಾ ಅದರೊಳಗಿನ ರಿಲೀಫ್.

ಇಲ್ಲೊಂದು ದೊಡ್ಡ ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ರಿಲೀಫ್ ವಾಲ್ವ್ ಪಂಪ್‌ನಲ್ಲಿ ಇರುವುದಿಲ್ಲ, ಮುಂದಿನ ಸ್ಟೇರಿಂಗ್ ಯೂನಿಟ್‌ನಲ್ಲಿರುತ್ತದೆ. ಅಂಥ ಗಾಡಿಯಲ್ಲಿ ಮಧ್ಯದ ವಾಲ್ವ್ ಮುಚ್ಚಿದರೆ ಒತ್ತಡಕ್ಕೆ ಹೋಗಲು ಜಾಗವೇ ಇಲ್ಲ. ಹೋಸ್ ಸಿಡಿಯುತ್ತದೆ ಅಥವಾ ಪಂಪ್ ಒಡೆಯುತ್ತದೆ. ರಿಲೀಫ್ ಎಲ್ಲಿದೆ ಅಂತ ಖಚಿತವಾಗದೆ ಈ ಪರೀಕ್ಷೆಗೆ ಕೈ ಹಾಕಬೇಡಿ.

ಸಿಲಿಂಡರ್‌ನ ಒಳಗಿನ ಸೀಲ್ ಹೋಗಿದೆಯಾ ಅಂತ ಬಿಚ್ಚದೆ ತಿಳಿಯಬಹುದಾ?

ತಿಳಿಯಬಹುದು. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ನಿಲ್ಲಿಸಿ. ಈಗ ಸಿಲಿಂಡರ್‌ನ ಒಂದು ಬದಿ ಒತ್ತಡದ್ದು, ಇನ್ನೊಂದು ಬದಿ ಖಾಲಿಯಾದದ್ದು. ಖಾಲಿಯಾದ ಬದಿಯ ಹೋಸ್ ನಿಧಾನವಾಗಿ ಸಡಿಲಿಸಿ ಬಿಚ್ಚಿ, ಹೋಸ್‌ನ ಬಾಯಿಗೆ ಸ್ಟೀಲ್ ಪ್ಲಗ್ ಹಾಕಿ. ಸಿಲಿಂಡರ್‌ನ ಬಾಯಿಯ ಕೆಳಗೆ ಡಬ್ಬ ಇಡಿ. ಎಂಜಿನ್ ಶುರು ಮಾಡಿ, ಒಬ್ಬರು ಸ್ಟೇರಿಂಗನ್ನು ಮೊದಲು ತಿರುಗಿಸಿದ ಕಡೆಗೇ ಇನ್ನಷ್ಟು ಒತ್ತಲಿ. ಅಪ್ಪಿತಪ್ಪಿಯೂ ಉಲ್ಟಾ ತಿರುಗಿಸಬಾರದು.

ಶುರುವಿನಲ್ಲಿ ಒಂದೆರಡು ತೊಟ್ಟು ಬಂದು ನಿಂತರೆ ಪಿಸ್ಟನ್ ಸೀಲ್ ಚೆನ್ನಾಗಿದೆ. ದಾರದಂತೆ ಬಿಡದೆ ಹರಿಯುತ್ತಿದ್ದರೆ ಒತ್ತಡದ ಎಣ್ಣೆ ಪಿಸ್ಟನ್ ದಾಟಿ ಬರುತ್ತಿದೆ, ಸೀಲ್ ಕಿಟ್ ಬೇಕು. ಬಿಚ್ಚಿದಾಗ ರಾಡ್‌ನ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಸಿಗುವ ತುಕ್ಕಿನ ಗುಳಿ ಇದ್ದರೆ ಹೊಸ ಸೀಲ್ ಕೂಡ ಬೇಗ ಹರಿಯುತ್ತದೆ. ರಾಡನ್ನೂ ಬದಲಿಸುವುದು ಅಥವಾ ಕ್ರೋಮ್ ಮಾಡಿಸುವುದು ಒಳ್ಳೆಯದು.

ರಿಲೀಫ್ ವಾಲ್ವ್ ಸ್ವಲ್ಪ ಬಿಗಿ ಮಾಡಿದರೆ ಹಗುರವಾಗುತ್ತದೆ ಅಂತಾರೆ. ಮಾಡಲಾ?

ಗೇಜ್ ಇಲ್ಲದೆ ಮಾಡಬೇಡಿ. ರಿಲೀಫ್ ತಾನಾಗಿ ಸಡಿಲವಾಗುವುದು ಕಡಿಮೆ. ಹೆಚ್ಚಾಗಿ ಅದರ ಸೀಟ್ ಮೇಲೆ ಕಸ ಕೂತಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ. ಬಿಚ್ಚಿ ತೊಳೆದು, ಸ್ಪ್ರಿಂಗ್ ನೋಡಿ, ಶಿಮ್ (ಸ್ಪ್ರಿಂಗ್ ಜೊತೆ ಇಡುವ ತೆಳು ಬಿಲ್ಲೆ) ಎಷ್ಟಿತ್ತೋ ಅಷ್ಟೇ ಹಾಕಿ ಜೋಡಿಸಿ. ಸವೆದ ಪಂಪ್ ಇರುವ ಗಾಡಿಯಲ್ಲಿ ಬಿಗಿ ಮಾಡಿದರೆ ಏನೂ ಲಾಭವಿಲ್ಲ. ಒಳ್ಳೆ ಪಂಪ್ ಇದ್ದರೆ ಹೋಸ್, ಸೀಲ್, ಸ್ಟೇರಿಂಗ್ ಆರ್ಮ್ ಮೇಲೆ ಅವು ತಡೆಯದಷ್ಟು ಬಲ ಬೀಳುತ್ತದೆ.

ಆರ್ಬಿಟ್ರಾಲ್ ಯೂನಿಟ್ ನಾನೇ ಬಿಚ್ಚಬಹುದಾ?

ಸೀಲ್ ಬದಲಿಸುವಷ್ಟಕ್ಕೆ ಕೆಲವರು ಬಿಚ್ಚುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಗೊತ್ತಿದ್ದವರ ಜೊತೆ ಕೂತು ಮಾಡಿ. ಒಳಗಿನ ರೋಟರ್ ಮತ್ತು ಶಾಫ್ಟ್‌ಗೆ ನಿರ್ದಿಷ್ಟ ಜೋಡಣೆ ಇದೆ. ಒಂದು ಹಲ್ಲು ತಪ್ಪಿದರೂ ಎಂಜಿನ್ ಶುರು ಮಾಡಿದಾಗ ಸ್ಟೇರಿಂಗ್ ತಾನಾಗಿ ಗಿರಗಿರ ತಿರುಗಬಹುದು, ಕೈ ಮುರಿಯುವಷ್ಟು ಬಲದಿಂದ. ಜೋಡಿಸಿದ ಮೇಲೆ ಮೊದಲ ಸಲ ಶುರು ಮಾಡುವಾಗ ಮುಂದಿನ ಚಕ್ರ ನೆಲದಿಂದ ಮೇಲಿರಲಿ, ಕೈ ಸ್ಟೇರಿಂಗ್‌ನಿಂದ ದೂರ ಇರಲಿ. ಒಳಗಿನ ಚಿಕ್ಕ ಚೆಕ್ ಬಾಲ್ (ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಗುಂಡು) ಬಿದ್ದು ಕಳೆದುಹೋದರೆ ಎಂಜಿನ್ ನಿಂತಾಗ ಗಾಡಿ ತಿರುಗುವುದೇ ಇಲ್ಲ. ಅದಕ್ಕೇ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಯೂನಿಟ್ ಬಿಚ್ಚುವ ಮೊದಲು ಕಾಲಂನ ಬೇರಿಂಗ್ ನೋಡುವುದನ್ನು ಮರೆಯಬೇಡಿ. ಅದು ಒಣಗಿ ತುಕ್ಕು ಹಿಡಿದರೂ ಸ್ಟೇರಿಂಗ್ ಹೀಗೇ ಗಟ್ಟಿಯಾಗುತ್ತದೆ.

ಸೋರಿಕೆ ಹುಡುಕುವಾಗ ಹೋಸ್ ಮೇಲೆ ಕೈಯಾಡಿಸಬಹುದಾ?

ಖಂಡಿತ ಬೇಡ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಚ್ಚಿದ ಗುರುತು ಮಾತ್ರ ಕಾಣುತ್ತದೆ, ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ತಡ ಮಾಡಿದರೆ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ಹುಡುಕಿ, ಕಣ್ಣಿಗೆ ಕನ್ನಡಕ ಇರಲಿ. ಹಾಗೇನಾದರೂ ಚುಚ್ಚಿದರೆ ಗಾಯ ಚಿಕ್ಕದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಚುಚ್ಚಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ರಿಪೇರಿ ಆದ ಮೇಲೆ ಗಾಳಿ ತೆಗೆಯುವುದು ಹೇಗೆ?

ಮುಂದಿನ ಚಕ್ರ ಎತ್ತಿಡಿ. ಟ್ಯಾಂಕ್ ತುಂಬಿಸಿ, ಎಂಜಿನ್ ಐಡಲ್‌ನಲ್ಲಿ ಬಿಡಿ. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ. ನಡುನಡುವೆ ನಿಲ್ಲಿಸಿ ಎಣ್ಣೆ ಸೇರಿಸಿ, ಮಟ್ಟ ಇಳಿದು ಪಂಪ್ ಮತ್ತೆ ಗಾಳಿ ಎಳೆಯಬಾರದು. ಗುಳ್ಳೆ ನಿಂತು, ಸ್ಟೇರಿಂಗ್ ಎಳೆದಾಡದೆ ಒಂದೇ ಹದಕ್ಕೆ ಬಂದ ಮೇಲೆ ಚಕ್ರ ಇಳಿಸಿ.

ಮುಂದೆ ಲೋಡರ್ ಹಾಕಿದ ಮೇಲೆ ಮಾತ್ರ ಭಾರ. ಇದಕ್ಕೂ ರಿಪೇರಿ ಬೇಕಾ?

ಬಹುಶಃ ಬೇಡ. ಹಳೆ ಗಾಡಿಯ ಸ್ಟೇರಿಂಗ್ ಅಷ್ಟು ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದಲ್ಲ. ಹಿಂದೆ ತೂಕ ಕಟ್ಟಿ, ಬಕೆಟ್ ತಗ್ಗಿಸಿಟ್ಟು ಓಡಿಸಿ. ಗಾಡಿ ಸ್ವಲ್ಪ ಚಲಿಸುತ್ತಿರುವಾಗಲೇ ತಿರುಗಿಸಿ.

ಬಿಡಿಭಾಗ ಬರುವವರೆಗೆ ಗಾಡಿ ಓಡಿಸಬಹುದಾ?

ಹೊಲದಲ್ಲಿ ನಿಧಾನಕ್ಕೆ, ಎಣ್ಣೆ ಸಾಕಷ್ಟಿದ್ದು, ಎರಡೂ ಕಡೆಗೆ ತಿರುಗುತ್ತಿದ್ದರೆ ಓಡಿಸಬಹುದು. ರಸ್ತೆಗೆ, ಅದರಲ್ಲೂ ಟ್ರೇಲರ್ ಕಟ್ಟಿಕೊಂಡು, ಬೇಡ. ಪೂರ್ತಿ ಹೈಡ್ರಾಲಿಕ್ ಸ್ಟೇರಿಂಗ್‌ನಲ್ಲಿ ಹೋಸ್ ಒಡೆದರೆ ಚಕ್ರಕ್ಕೂ ನಿಮ್ಮ ಕೈಗೂ ಸಂಬಂಧವೇ ಇರುವುದಿಲ್ಲ. ಎಣ್ಣೆಯಲ್ಲಿ ಬೆಳ್ಳಿಯ ಪುಡಿಯಂತೆ ಲೋಹದ ಮಿನುಗು ಕಂಡರೆ ಹೊಲದಲ್ಲೂ ನಿಲ್ಲಿಸಿ. ಪಂಪ್ ಸವೆದು ಉದುರುತ್ತಿದೆ, ಓಡಿಸಿದಷ್ಟೂ ಆ ಪುಡಿ ವಾಲ್ವ್ ಮತ್ತು ಸಿಲಿಂಡರ್ ಒಳಗೆ ಹೋಗುತ್ತದೆ. ಹೊಸ ಪಂಪ್ ಹಾಕುವಾಗ ಟ್ಯಾಂಕ್, ಹೋಸ್, ಸಿಲಿಂಡರ್ ಎಲ್ಲ ತೊಳೆದು, ಫಿಲ್ಟರ್ ಬದಲಿಸಿಯೇ ಶುರು ಮಾಡಿ. ಕೆಲವು ಗಂಟೆ ಕೆಲಸ ಆದ ಮೇಲೆ ಫಿಲ್ಟರ್ ಮತ್ತೊಮ್ಮೆ ತೆರೆದು ನೋಡಿ. ಮಿನುಗು ಇನ್ನೂ ಇದ್ದರೆ ಎಣ್ಣೆಯನ್ನೂ ಫಿಲ್ಟರನ್ನೂ ಇನ್ನೊಮ್ಮೆ ಬದಲಿಸಿ.